ನಾಲ್ಕೂ ಹತ್ತರ ಕರೆ ಎಲ್ಲಿ ಹೋಯಿತು?

ಮಾದಕವಸ್ತು ತಡೆ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳ ಸಾವಿನ ವರದಿಯಲ್ಲಿ ನೀವು ನಲವತ್ತು ನಿಮಿಷ ನುಂಗಿದ್ದೀರಿ. ಅದನ್ನು ವಾಪಸು ಕೇಳಲು ಈ ಪತ್ರ.

ನಾನು ಬಟ್ಟೆ ಹೊಲಿಯುವವಳು. ಹದಿನಾರು ವರ್ಷದ ಮಗಳು ಪರೀಕ್ಷೆಗೆ ಓದಲೆಂದು ಗೆಳತಿಯ ಮನೆಗೆ ಹೋಗಿದ್ದಳು. ಆ ಗೆಳತಿಯನ್ನು ನಾವೆಲ್ಲ ಗುಬ್ಬಿ ಅಂತಲೇ ಕರೆಯುವುದು. ಟ್ಯೂಷನ್ ಗೇಟಿನ ಬಳಿ ಯಾರೋ ನಿದ್ದೆ ತಡೆಯುತ್ತದೆಂದು ಮಾರಿದ ಮಾತ್ರೆಯನ್ನು ಇಬ್ಬರೂ ತೆಗೆದುಕೊಂಡರು. ತಪ್ಪೇ, ನಾನದನ್ನು ಮುಚ್ಚಿಡುವುದಿಲ್ಲ. ಗುಬ್ಬಿಗೆ ತಲೆ ಸುತ್ತಿತು, ನನ್ನ ಮಗಳಿಗೆ ಉಸಿರೇ ಕಟ್ಟಿತು. ಗುಬ್ಬಿ ಓಡಿಹೋಗಲಿಲ್ಲ. ಸಂಜೆ ನಾಲ್ಕೂ ಹತ್ತಕ್ಕೆ ನಿಮ್ಮದೇ ಸಹಾಯವಾಣಿಗೆ ಫೋನ್ ಮಾಡಿದಳು.

"ಯಾರು ಕೊಟ್ಟರು? ಮೊದಲು ಹೆಸರು ಹೇಳು" ಎಂದರಂತೆ ಆ ಕಡೆಯವರು.

"ಮೊದಲು ಆಂಬುಲೆನ್ಸ್ ಕಳಿಸಿ, ಇವಳ ತುಟಿ ನೀಲಿ ಆಗ್ತಿದೆ."

"ಹೆಸರು ಹೇಳಮ್ಮ."

ಆಂಬುಲೆನ್ಸ್ ಬಂದದ್ದು ಐದು ಗಂಟೆಗೆ. ವರದಿಯಲ್ಲಿ ಕರೆ ಬಂದ ಸಮಯ ನಾಲ್ಕೂ ಐವತ್ತು. ಗುಬ್ಬಿಯ ಫೋನಿನಲ್ಲಿದ್ದ ನಾಲ್ಕೂ ಹತ್ತರ ಕರೆಯನ್ನು ನಾನು ಆಸ್ಪತ್ರೆಯಲ್ಲೇ ಕಣ್ಣಾರೆ ಕಂಡಿದ್ದೇನೆ. ಮರುದಿನ ನಿಮ್ಮವರು ಆ ಫೋನನ್ನು ಒಯ್ದರು, ಹಿಂದೆಯೇ ಅವಳನ್ನೂ ಒಯ್ದರು. ಈಗ ಅವಳು 'ಪೂರೈಕೆದಾರಳು'. ಮಾತ್ರೆ ಮಾರಿದವನೆಲ್ಲಿ ಎಂದರೆ 'ತನಿಖೆ ನಡೆಯುತ್ತಿದೆ'. ನಿಮ್ಮ ತನಿಖೆಗೆ ಫೋನ್ ಮಾಡಿದವರ ಮನೆಯ ದಾರಿ ಮಾತ್ರ ಗೊತ್ತೋ?

ಟಿವಿಯಲ್ಲಿ ದಿನವೂ ನನ್ನ ಮಗಳ ಫೋಟೋ ಹಾಕಿಕೊಂಡು ನಾಲ್ಕು ಜನ ಕೂಗಾಡುತ್ತಾರೆ. ಒಬ್ಬರಿಗೆ ಮೊಬೈಲು ಕಾರಣ, ಇನ್ನೊಬ್ಬರಿಗೆ ದುಡಿಯಲು ಹೋಗುವ ತಾಯಂದಿರು. ಸಹಾಯವಾಣಿಯ ಮಾತೆತ್ತಿದರೆ ಜಾಹೀರಾತು ಬಂದುಬಿಡುತ್ತದೆ. ಈ ಗದ್ದಲದ ನಡುವೆ ನೀವು ಹೊಸ ನಿಯಮ ತರುತ್ತಿದ್ದೀರಿ: ಜೊತೆಗಿದ್ದವರೂ ಅಪರಾಧಿಗಳೇ. ಅದಕ್ಕೆ ನನ್ನ ಮಗಳ ಹೆಸರನ್ನೇ ಇಡುತ್ತೀರಂತೆ. ಸತ್ತವಳು ಬೇಡ ಅನ್ನುವುದಿಲ್ಲವಲ್ಲ. ಇನ್ನು ಮುಂದೆ ಯಾವ ಮಗು ಹೀಗೆ ಬಿದ್ದರೂ ಜೊತೆಗಿದ್ದವರು ಫೋನ್ ಮಾಡುತ್ತಾರೆಯೇ, ಕಾಲಿಗೆ ಬುದ್ಧಿ ಹೇಳುತ್ತಾರೆಯೇ?

ಹೋದ ವಾರ ನಿಮ್ಮ ಕಚೇರಿಯ ಗುಮಾಸ್ತರು ನಾನು ಕೆಲಸ ಮಾಡುವ ಅಂಗಡಿಗೇ ಬಂದರು. ನಿಯಮ ಘೋಷಿಸುವ ಸಭೆಯಲ್ಲಿ ನಾನು ನಿಮ್ಮ ಪಕ್ಕ ಕೂರಬೇಕಂತೆ.

"ಭಾಷಣ ಏನೂ ಬೇಡಮ್ಮ, ಕೂತಿದ್ದರೆ ಸಾಕು. ಅಳು ಬಂದರೆ ತಡೀಬೇಡಿ."

ಪಾಪ, ಹೇಳಿಕೊಟ್ಟಷ್ಟನ್ನು ಹೇಳಿದರು. ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಗುಬ್ಬಿಯನ್ನು ನೋಡಲು ಬಾಲಮಂದಿರಕ್ಕೆ ಹೋದೆ. ಬೆಂಚಿನ ತುದಿಯಲ್ಲಿ ಉಗುರು ಕಚ್ಚುತ್ತ ಕೂತಿದ್ದಳು.

"ಆಂಟಿ, ನಾನು ಫೋನ್ ಮಾಡಬಾರದಿತ್ತಾ?"

"ಮಾಡಿದ್ದೇ ಸರಿ ಕಣೆ" ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಮಗಳು ಹೋದ ಮೇಲೆ ನನಗೆ ಅಷ್ಟು ಭಯವಾದದ್ದು ಆವತ್ತೇ.

ಆದ್ದರಿಂದ, ಆ ಕರೆಯ ಧ್ವನಿಮುದ್ರಣವನ್ನು ಅದೇ ಸಭೆಯಲ್ಲಿ ಎಲ್ಲರೆದುರು ಕೇಳಿಸಿ. ಅಲ್ಲಿಯತನಕ ನಿಯಮ ನಿಲ್ಲಲಿ, ಗುಬ್ಬಿ ಮನೆಗೆ ಹೋಗಲಿ. ಧ್ವನಿಮುದ್ರಣ 'ಲಭ್ಯವಿಲ್ಲ' ಎಂದು ಉತ್ತರಿಸುವಿರಾದರೆ, ಅದನ್ನು ಇಲ್ಲವಾಗಿಸಿದವರು ಯಾರೆಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ. ಸಭೆಗೆ ನಾನು ಬಂದೇ ಬರುತ್ತೇನೆ, ಕೇಳಲಿಕ್ಕೆ.

ಇಂತಿ,
ಸರಕಾರಿ ಮೊಹರು ಕಂಡರೆ ಸಾಕು, ನಂಬಿಬಿಡುತ್ತಿದ್ದ ಒಬ್ಬ ತಾಯಿ