ಲಿಫ್ಟ್ ಮೇಸ್ತ್ರಿಯ ಎದೆಬಡಿತ

ಮನೆಯ ಹಿಂಬಾಗಿಲ ಮೆಟ್ಟಿಲು,
ತಾರೀಖು ೧೭, ಭಾನುವಾರ ಬೆಳಗ್ಗೆ

ಪ್ರೀತಿಯ ಸೂಜೀ,

ಹೇಗಿದ್ದೀಯಮ್ಮಾ? ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲ ಈಗಲೂ ಹಕ್ಕಿಯ ಹಾಗೆ ಎರಡು ಸಲ ಕುಕ್ಕಿ ಎದ್ದುಬಿಡುತ್ತೀಯೋ? ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವಾಗ ಕಣ್ಣಿಗೆ ಪುಡಿ ಹಾರದಂತೆ ನೋಡಿಕೋ. ಊರಿಗೆಲ್ಲ ಕಣ್ಣು ಕೊಡುವವಳ ಕಣ್ಣೇ ಕೆಟ್ಟರೆ ನಗೆಪಾಟಲು. ನಿನ್ನ ತಾಯಿ ಚೆನ್ನಾಗಿದ್ದಾಳೆ. ನನ್ನ ಅಕ್ಕ ಅಂತ ಹೊಗಳುತ್ತಿಲ್ಲ, ಅವಳ ಬಾಯಿ ಅವಳಿಗಿಂತಲೂ ಚೆನ್ನಾಗಿದೆ. ನಿನ್ನ ಅತ್ತೆಯೂ ಸುಖವಾಗಿದ್ದಾಳೆ, ನನ್ನನ್ನು ಕಟ್ಟಿಕೊಂಡ ಹೆಂಗಸು ಎಷ್ಟು ಸುಖವಾಗಿರಬಹುದೋ ಅಷ್ಟು. ನಾನು ಚೆನ್ನಾಗಿಲ್ಲ. ನೋಡು, ಬರೆದೇಬಿಟ್ಟೆ. ಈ ವಾಕ್ಯವನ್ನು ಇಲ್ಲಿಯವರೆಗೆ ಯಾರಿಗೂ ಬರೆದವನಲ್ಲ. ಫೋನು ಮಾಡಬಹುದಿತ್ತು, ಆದರೆ ಫೋನು ಹಿಡಿದರೆ ನನ್ನ ಬಾಯಿ ತಾನಾಗಿಯೇ ತಮಾಷೆಗೆ ತಿರುಗುತ್ತದೆ. ಕಾಗದದ ಮುಂದೆ ಕೂತರೆ ಸ್ವಲ್ಪ ಮನುಷ್ಯನಾಗುತ್ತೇನೆ.

ಆರು ವಾರದ ಹಿಂದಿನ ಮಾತು. ಒಂಬತ್ತು ಮಹಡಿಯ ಕಚೇರಿ ಕಟ್ಟಡ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು, ಉಕ್ಕಿನ ಹಗ್ಗವನ್ನು ಬಟ್ಟೆಯಿಂದ ಒರೆಸುತ್ತಿದ್ದೆ. ಇಪ್ಪತ್ತೇಳು ವರ್ಷದಿಂದ ಮಾಡುತ್ತಿರುವ ಕೆಲಸ. ಕಣ್ಣು ಕಟ್ಟಿ ನಿಲ್ಲಿಸಿದರೂ ಹಗ್ಗದ ಯಾವ ಎಳೆ ಸವೆದಿದೆ ಎಂದು ಬೆರಳಿನಲ್ಲೇ ಹೇಳುತ್ತೇನೆ, ಈ ಊರಿನಲ್ಲಿ ಇದನ್ನು ಹೇಳುವ ಇನ್ನೊಬ್ಬನಿದ್ದರೆ ತೋರಿಸು. ಏನೂ ಆಗಿರಲಿಲ್ಲ, ಪೆಟ್ಟಿಗೆ ಕೂಡ ಅಲ್ಲಾಡಿರಲಿಲ್ಲ. ಇದ್ದಕ್ಕಿದ್ದಂತೆ ಎದೆಯೊಳಗೆ ಯಾರೋ ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗೆ ದಬದಬ ಶುರುವಾಯಿತು. ನಾಲಿಗೆ ಒಣಗಿ ಅಂಗುಳಿಗೆ ಅಂಟಿತು. ತುಟಿಯ ಸುತ್ತ ಜುಮುಜುಮು, ಬೆರಳು ಹತ್ತೂ ಜುಮುಜುಮು, ಬೆನ್ನಿನ ಮೇಲೆ ತಣ್ಣನೆಯ ಬೆವರು. ಎಷ್ಟು ಎಳೆದರೂ ಉಸಿರು ಗಂಟಲಿನಿಂದ ಕೆಳಗಿಳಿಯಲೊಲ್ಲದು. ನನ್ನ ಜೊತೆಗಾರ ಗೊಣಗಪ್ಪ ಪಕ್ಕದಲ್ಲೇ ಇದ್ದ. "ಗೊಣಗಪ್ಪಾ, ನಾನು ಹೊರಟೆ ಕಣೋ" ಅಂದೆ. "ಎಲ್ಲಿಗೆ, ಟೀಗಾ? ಇನ್ನೂ ಹತ್ತೂವರೆ" ಅಂದ ಆ ಪುಣ್ಯಾತ್ಮ. ಸಾಯುವವನ ಕೊನೆಯ ಮಾತಿಗೆ ಇಂಥ ಉತ್ತರ!

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ಗ್ರಾಫು ತೆಗೆದರು. ಕಾಗದದ ಮೇಲಿನ ಗೆರೆ ಎದ್ದು ಬಿದ್ದು ಕುಣಿಯುತ್ತಿತ್ತು. "ಗೆರೆ ನೆಟ್ಟಗಿರಬೇಕಲ್ವೇನಮ್ಮಾ?" ಅಂತ ನರ್ಸನ್ನು ಕೇಳಿದೆ. "ನೆಟ್ಟಗಿದ್ದಿದ್ರೆ ನೀವು ಕೇಳ್ತಾನೇ ಇರಲಿಲ್ಲ" ಅಂದಳು. ರಕ್ತ ತೆಗೆದರು, ಬೆಲ್ಟಿನ ಮೇಲೆ ಓಡಿಸಿದರು. ಎಲ್ಲ ಸರಿಯಿದೆ. ನಾನು ಒಪ್ಪಲಿಲ್ಲ. ಎರಡನೇ ಸಲ ಹೋದೆ, ಮೂರನೇ ಸಲ ಹೋದೆ. ಮೂರನೇ ಸಲ ನಿನ್ನದೇ ವಯಸ್ಸಿನ ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು, "ಯಜಮಾನ್ರೇ, ನಿಮ್ಮ ಹೃದಯ ನನ್ನದಕ್ಕಿಂತ ಗಟ್ಟಿಯಾಗಿದೆ. ಇದು ಆತಂಕ. ಆದರೆ ನಾಟಕ ಅಲ್ಲ, ಮೈಯಲ್ಲಿ ನಿಜವಾಗಿ ಆಗೋದು" ಅಂದಳು. ಆತಂಕವಂತೆ, ನನಗಂತೆ! ಹನ್ನೆರಡನೇ ಮಹಡಿಯ ತೊಲೆಯ ಮೇಲೆ ಕೂತು ಬುತ್ತಿ ಬಿಚ್ಚಿದವನು ನಾನು ಅಂದೆ. "ಒಂದು ನಿಮಿಷ ಬೇಗಬೇಗ ಉಸಿರಾಡಿ ನೋಡೋಣ" ಅಂದಳು. ಹಟಕ್ಕೆ ನಾಯಿಯ ಹಾಗೆ ತೇಕಿದೆ. ಮುಕ್ಕಾಲು ನಿಮಿಷಕ್ಕೆ ಬೆರಳು ಜುಮುಜುಮು, ತುಟಿ ಜುಮುಜುಮು, ತಲೆ ಗಿರ್ರ್. "ಈಗ ಯಾರು ಹೆದರಿಸಿದ್ರು? ನಿಮ್ಮ ಉಸಿರೇ ಮಾಡಿದ್ದು" ಅಂದಳು.

ಆಮೇಲೆ ಬಿಡಿಸಿ ಹೇಳಿದಳು. ಅಪಾಯ ಅಂತ ಮೈಗೆ ಅನಿಸಿದರೆ ಸಾಕು, ನಿಜವೋ ಸುಳ್ಳೋ ಕೇಳುವ ಪುರುಸೊತ್ತು ಅದಕ್ಕಿಲ್ಲವಂತೆ. ಓಡಲಿಕ್ಕೆ ಕಾಲಿಗೆ ರಕ್ತ ಬೇಕು, ಹಾಗಾಗಿ ಎದೆ ಬಡಿಯುತ್ತದೆ. ಹೊಟ್ಟೆ ಆಗ ಕೆಲಸ ನಿಲ್ಲಿಸುತ್ತದೆ, ಹಾಗಾಗಿ ತೊಳಸುತ್ತದೆ. ಮೈ ಕಾಯುತ್ತದೆಂದು ಬೆವರು ಮುಂಚೆಯೇ ಬರುತ್ತದೆ. ಲಿಫ್ಟಿನ ಪೆಟ್ಟಿಗೆಯ ಕೆಳಗೆ ಒಂದು ಕಚ್ಚು ಇರುತ್ತದೆ ಸೂಜಿ. ಪೆಟ್ಟಿಗೆ ಮಿತಿ ಮೀರಿ ಓಡಿದರೆ ಅದು ಎರಡೂ ಕಡೆಯ ಕಂಬಿಯನ್ನು ಗಪ್ಪನೆ ಹಿಡಿದು ನಿಲ್ಲಿಸುತ್ತದೆ. ಒಮ್ಮೊಮ್ಮೆ ಅದರ ಸ್ಪ್ರಿಂಗು ನಾಜೂಕಾಗಿಬಿಟ್ಟರೆ ಏನೂ ಆಗದಿದ್ದರೂ ಹಿಡಿಯುತ್ತದೆ. ಒಳಗಿನವರು ಹಗ್ಗ ಹರಿಯಿತೆಂದು ಚೀರುತ್ತಾರೆ, ಹಗ್ಗ ಕಲ್ಲಿನ ಹಾಗಿರುತ್ತದೆ. ನನ್ನ ಮೈಯೂ ಹಾಗೇ ಹಿಡಿಯಿತು ಅಂತ ನಾನು ಹೇಳಿದಾಗ ಡಾಕ್ಟರಮ್ಮ, "ನಾನು ಇನ್ನು ಮೇಲೆ ಎಲ್ಲರಿಗೂ ಹೀಗೇ ಹೇಳ್ತೀನಿ" ಅಂದಳು. ನೋಡು, ರೋಗಿಯಾಗಿ ಹೋಗಿ ಮೇಷ್ಟ್ರಾಗಿ ಬಂದೆ.

ಆದರೆ ಅರ್ಥವಾದ ಮಾತ್ರಕ್ಕೆ ವಾಸಿಯಾಗುತ್ತದೆಯೇ? ಅದೇ ಈಗಿನ ಸಂಕಟ. ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ. ಮತ್ತೆ ಬರುತ್ತದೋ ಎಂದು ನೆನೆದರೆ ಸಾಕು, ನೆನೆದದ್ದಕ್ಕೇ ಬರುತ್ತದೆ. ಲಿಫ್ಟ್ ಮೇಸ್ತ್ರಿಯಾದ ನಾನು ಒಂಬತ್ತು ಮಹಡಿ ಮೆಟ್ಟಿಲು ಹತ್ತುತ್ತಿದ್ದೇನೆ. "ಏನ್ ಯಜಮಾನ್ರೇ, ಅಡುಗೆಯೋನೇ ತನ್ನಡುಗೆ ಉಣ್ಣಲ್ವಾ?" ಅಂತ ಕಾವಲುಗಾರ ದಿನಾ ಕಿಚಾಯಿಸುತ್ತಾನೆ. ಹೊಟ್ಟೆ ಕರಗಿಸಲಿಕ್ಕೆ ಅಂತ ಸುಳ್ಳು ಹೇಳುತ್ತೇನೆ. ಕೆಲಸಕ್ಕೆ ಹೊರಡುವ ಮುಂಚೆ ನಾಲ್ಕು ಸಲ ಕಕ್ಕಸಿಗೆ ಹೋಗುತ್ತೇನೆ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತದೆ. ಪೆಟ್ಟಿಗೆಯ ಮೇಲೆ ಹತ್ತುವ ಕೆಲಸವನ್ನೆಲ್ಲ ಗೊಣಗಪ್ಪ ಗೊಣಗಿಕೊಂಡೇ ಮಾಡುತ್ತಿದ್ದಾನೆ. ಕಳೆದ ಬುಧವಾರ ಅವನು ಕೆಳಗೆ ಲಿಫ್ಟಿನ ತಳದ ಗುಂಡಿಯಲ್ಲಿದ್ದ, ನಾನು ಏಳನೇ ಮಹಡಿಯ ತೆರೆದ ಬಾಗಿಲಲ್ಲಿ ಬೋಲ್ಟು ಬಿಗಿಯುತ್ತಿದ್ದೆ. ಕೈ ನಡುಗಿ ಸ್ಪ್ಯಾನರು ಜಾರಿತು. ಬೀಳುವ ಸದ್ದು ಎಷ್ಟು ಉದ್ದ ಗೊತ್ತೇ? ಅವನ ಭುಜದಿಂದ ಒಂದು ಗೇಣು ಆಚೆ ಬಿತ್ತು. ಅವನು ಮೇಲೆ ಬಂದು ಬೈಯಲೂ ಇಲ್ಲ. ಸುಮ್ಮನೆ ನನ್ನ ಕೈಯನ್ನೇ ನೋಡಿದ. ಅವನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮುಂದಿನ ಸೋಮವಾರ, ಇಪ್ಪತ್ತೈದಕ್ಕೆ, ವರ್ಷದ ತಪಾಸಣೆ. ಇನ್‌ಸ್ಪೆಕ್ಟರು ಹಿರಿಯ ಮೇಸ್ತ್ರಿಯ ಜೊತೆಗೇ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು ಮೇಲಿಂದ ಕೆಳಗಿನವರೆಗೆ ನೋಡುತ್ತಾನೆ. ಹಿರಿಯ ಮೇಸ್ತ್ರಿ ಎಂದರೆ ನಾನೇ. ಅವತ್ತು ನಾನು ಹತ್ತದಿದ್ದರೆ ಇನ್ನು ಯಾವತ್ತೂ ಹತ್ತುವ ಹಾಗಿಲ್ಲ. ಡಾಕ್ಟರಮ್ಮ ಮಾತ್ರೆ ಕೊಟ್ಟಿದ್ದಾಳೆ, ಅದು ಹಿಡಿಯಲು ಇನ್ನೂ ಕೆಲವು ವಾರ ಬೇಕಂತೆ. ಈ ಕೆಲಸ ಕಳೆದರೆ ನನ್ನಲ್ಲಿ ಉಳಿಯುವುದು ಬರೀ ಬಾಯಿ ಸೂಜಿ, ಅದನ್ನು ಯಾರು ಸಾಕುತ್ತಾರೆ?

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನಮ್ಮ ವಂಶದಲ್ಲಿ ಈ ಕಾಯಿಲೆ ತಿಳಿದವಳು ನೀನೊಬ್ಬಳೇ. ಪರೀಕ್ಷೆ ಬಂದಾಗ ನಿನ್ನ ಅಂಗೈ ತಣ್ಣಗಾಗುತ್ತಿತ್ತು, ಹೊಟ್ಟೆ ಕಿವುಚುತ್ತಿತ್ತು. "ಪರೀಕ್ಷೆ ಬಂದ್ರೆ ಇವಳಿಗೆ ಕಕ್ಕಸೇ ತವರುಮನೆ" ಅಂತ ನೆಂಟರೆದುರು ನಗಿಸಿದವನು ನಾನು. ನೀನು ನಡುಗುವುದನ್ನು ಮಾಡಿ ತೋರಿಸಿದವನೂ ನಾನೇ. ಎಲ್ಲರೂ ನಕ್ಕರು, ನೀನು ಒಳಗೆ ಹೋದೆ. ಈಗ ನನ್ನದನ್ನು ಯಾರಾದರೂ ಮಾಡಿ ತೋರಿಸಿದರೆ ಅವರ ಕತ್ತು ಹಿಸುಕುತ್ತೇನೆ. ಹೇಳು, ಅದು ಬಂದಾಗ ನೀನು ಕೂರುತ್ತೀಯೋ ನಿಲ್ಲುತ್ತೀಯೋ? ಎಣಿಸುತ್ತೀಯೋ? ಎಷ್ಟರವರೆಗೆ? ಎದುರಿಗೆ ಗಿರಾಕಿ ಇದ್ದರೆ ಏನು ಹೇಳುತ್ತೀಯ? ಹೋಗುವುದಿಲ್ಲ ಅಂತ ಅನಿಸಿದಾಗ ಏನು ಹಿಡಿದುಕೊಳ್ಳುತ್ತೀಯ? ಡಾಕ್ಟರಮ್ಮನಿಗೆ ಕಾರಣ ಗೊತ್ತು. ನನಗೆ ಬೇಕಾದದ್ದು ದಾಟಿ ಬಂದವರ ಮಾತು.

ನಿನ್ನ ಅತ್ತೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಇರುವೆಡೆ ತಣ್ಣಗಿರು, ನಿನ್ನ ಕೈ ಯಾವತ್ತೂ ನಡುಗದಿರಲಿ, ನನ್ನ ಪಾಲಿನ ಆಯುಸ್ಸಿನಲ್ಲಿ ಒಳ್ಳೆಯ ಭಾಗ ಏನಾದರೂ ಉಳಿದಿದ್ದರೆ ಅದು ನಿನಗಿರಲಿ.

ಇಂತಿ ನಿನ್ನ ಸೋದರಮಾವ,
ಹಳ್ಳಿ ಶಾಲೆಯ ಏಳನೇ ಕ್ಲಾಸು, ಕೈಬರಹಕ್ಕೆ ಮೊದಲ ಬಹುಮಾನ
(ಅಕ್ಷರ ಈಗ ಸೊಟ್ಟಗಿದೆ, ಯಾಕೆಂದು ನೀನು ಬಲ್ಲೆ)

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದೆ. ನಿನ್ನ ಹದಿನೈದನೇ ವಯಸ್ಸಿನಲ್ಲಿ ಹಲ್ಲಿನ ಡಾಕ್ಟರ ಕಟ್ಟಡದ ಲಿಫ್ಟಿನಲ್ಲಿ ಒಬ್ಬಳೇ ಸಿಕ್ಕಿಕೊಂಡೆಯಲ್ಲ, ಕರೆಂಟು ಹೋಗಿತ್ತು ಅಂದೆನಲ್ಲ. ಹೋಗಿರಲಿಲ್ಲ. ಯಂತ್ರದ ಕೋಣೆಯಲ್ಲಿ ಸ್ವಿಚ್ಚು ಇಳಿಸಿದವನು ನಾನು. ಬಾವಿಗೆ ತಳ್ಳಿದರೆ ಈಜು ಬರುತ್ತದೆ ಅನ್ನುತ್ತಾರಲ್ಲ, ಹಾಗೆ ನಿನ್ನ ಭಯ ಬಿಡಿಸುತ್ತೇನೆ ಅಂದುಕೊಂಡೆ. ಎರಡು ನಿಮಿಷವೆಂದು ಶುರು ಮಾಡಿದ್ದು, ಅಲ್ಲಿದ್ದವರ ಜೊತೆ ಹರಟುತ್ತ ಇಪ್ಪತ್ತು ನಿಮಿಷವಾಯಿತು. ನೀನು ಬಾಗಿಲು ಬಡಿಯುವುದು ಕೇಳುತ್ತಿತ್ತು. ಆಮೇಲೆ ನಾನೇ ಬಂದು ತೆರೆದೆ. "ಮಾವಾ, ನೀನು ಬರದಿದ್ರೆ ಸತ್ತೇಹೋಗ್ತಿದ್ದೆ" ಅಂತ ನನ್ನ ಕತ್ತು ತಬ್ಬಿಕೊಂಡೆ. ಆ ಮಾತನ್ನು ಹನ್ನೊಂದು ವರ್ಷ ಕಂಡಕಂಡವರಿಗೆ ಹೇಳಿಕೊಂಡು ಮೆರೆದಿದ್ದೇನೆ. ಮಾತಿನ ಮಾತು ಅಂದುಕೊಂಡಿದ್ದೆ. ಸಾಯುವುದೆಂದರೆ ಏನೆಂದು ಆರು ವಾರದಿಂದ ಗೊತ್ತಾಗುತ್ತಿದೆ. ಎಂಟನೇ ಮಹಡಿಯ ಒಳ್ಳೆಯ ಕೆಲಸ ಬಂದರೂ ನೀನು ಯಾಕೆ ಬಿಟ್ಟೆ ಎಂದು ನಿನ್ನಮ್ಮ ಇವತ್ತಿಗೂ ಕೇಳುತ್ತಾಳೆ. ನಾನು ತಲೆ ತಗ್ಗಿಸಿಕೊಂಡು ಊಟ ಮಾಡುತ್ತೇನೆ. ಇದನ್ನು ಮುಚ್ಚಿಟ್ಟು ನಿನ್ನ ಉಪಾಯ ಕೇಳಿದರೆ ಅದು ಎರಡನೇ ಸಲ ಸ್ವಿಚ್ಚು ಇಳಿಸಿದಂತೆ. ಕ್ಷಮೆ ಕೇಳುತ್ತಿಲ್ಲ, ಕೇಳಲು ಮುಖವಿಲ್ಲ. ಆ ಇಪ್ಪತ್ತು ನಿಮಿಷ ನೀನು ಉಸಿರು ಹೇಗೆ ಎಳೆದುಕೊಂಡೆ ಎಂದು ಒಂದೇ ಒಂದು ಸಾಲು, ಸೋಮವಾರದೊಳಗೆ ಬರೆ. ಬರೆಯದಿದ್ದರೂ ನ್ಯಾಯವೇ.