ಏಳು ಚೀಟಿ, ಒಂದೇ ತೂಕ

ಲಾಂಡ್ರಿಯ ಹಿಂದಿನ ಕೋಣೆ,
ಸೋಮವಾರ, ಮಾರ್ಚ್ ೧೧, ಮಧ್ಯಾಹ್ನದ ಬಿಡುವು

ಪ್ರೀತಿಯ ತಮ್ಮಾ, ನಮ್ಮ ಗುಂಡೂ,

ಹೇಗಿದ್ದೀಯೋ? ಕಾಲಿನ ಊತ ಇಳಿಯಿತಾ? ಹೋದ ವಾರ ಡಯಾಲಿಸಿಸ್ ಮುಗಿಸಿ ಎದ್ದಾಗ ತಲೆ ಸುತ್ತಿತು ಅಂದಿದ್ದೆಯಲ್ಲ, ಅದನ್ನು ನರ್ಸಮ್ಮನಿಗೆ ಹೇಳಿದೆಯಾ, ಇಲ್ಲ ಎಂದಿನ ಹಾಗೆ ಹಲ್ಲು ಕಿರಿದು ಸುಮ್ಮನೆ ಪಕ್ಕದ ಬಾಡಿಗೆ ಕೋಣೆಗೆ ನಡೆದುಬಿಟ್ಟೆಯಾ? ಹೇಳಿರಲ್ಲ, ನನಗೆ ಗೊತ್ತಿಲ್ಲವೇ ನಿನ್ನ ಕಥೆ. ನೀರು ಅಳತೆ ಮಾಡಿಯೇ ಕುಡಿ. ಸೂಜಿ ಚುಚ್ಚುವ ಎಡಗೈಗೆ ಭಾರ ಹಾಕಬೇಡ, ಚೀಲ ಗೀಲ ಏನಿದ್ದರೂ ಬಲಗೈಯಲ್ಲಿ. ನಾವಿಬ್ಬರೂ ಇಲ್ಲಿ ಇದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಫೋನು ಇಟ್ಟುಕೊಂಡು ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನಗಬೇಡ. ನಿನ್ನ ಫೋನು ಬಂದರೆ ಸಾಕು, ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾಳೆ, "ಸ್ಪೀಕರ್ ಹಾಕು" ಅನ್ನುತ್ತಾಳೆ. ಅವಳ ಮುಂದೆ ಆಡಲಾಗದ ಮಾತೊಂದಿದೆ. ಅದಕ್ಕೇ ಲಾಂಡ್ರಿಯ ಬಿಲ್ ಪುಸ್ತಕದ ಹಿಂದಿನ ಹಾಳೆಗಳನ್ನು ಹರಿದುಕೊಂಡು ಕೂತಿದ್ದೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಇವತ್ತೂ ಎಂಬತ್ತನಾಲ್ಕು ಕಿಲೋ ಇನ್ನೂರು ಗ್ರಾಂ. ಇದು ಏಳನೇ ಸೋಮವಾರ. ದೊಡ್ಡ ಡಾಕ್ಟರು ಅವತ್ತು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು ನಿನಗೂ ನೆನಪಿದೆ: "ರಕ್ತ ಹೊಂದುತ್ತೆ, ಕಿಡ್ನಿ ಹೊಂದುತ್ತೆ, ನಿಮ್ಮ ಅಕ್ಕನ ತೂಕ ಮಾತ್ರ ಆಗಲ್ಲ. ಎಂಬತ್ತಕ್ಕೆ ಇಳಿದು ಬರ್ಲಿ, ಅವತ್ತೇ ತಾರೀಖು ಕೊಡ್ತೀನಿ." ಏಪ್ರಿಲ್ ದಾಟಿದರೆ ನಿನ್ನ ಹೃದಯ ಆಪರೇಷನ್ ತಡೆದುಕೊಳ್ಳುತ್ತದೆ ಅಂತ ಹೇಳೋಕಾಗಲ್ಲ ಅಂತಲೂ ಅಂದರು. ನೀನು ಆಗ ಕಿಟಕಿ ಕಡೆ ನೋಡುತ್ತಿದ್ದೆ. ಕೇಳಿಸಿಕೊಂಡೆ ಅಂತ ನನಗೆ ಗೊತ್ತು. ತೊಂಬತ್ತಾರರಲ್ಲಿ ಶುರು ಮಾಡಿದವಳು ನಾಲ್ಕು ತಿಂಗಳಲ್ಲಿ ಸುಮಾರು ಹನ್ನೆರಡು ಕಿಲೋ ಇಳಿಸಿದೆ. ಆಗೆಲ್ಲ ಎಷ್ಟು ಸಲೀಸಾಗಿತ್ತು ಅಂದರೆ, ಹೀಗೇ ಹೋದರೆ ನಾನೇ ಮಾಯವಾಗಿಬಿಡುತ್ತೇನೇನೋ ಅಂತ ನೀನು ರೇಗಿಸಿದ್ದೆ. ಉಳಿದಿರುವುದು ನಾಲ್ಕು ಕಿಲೋ, ಚಿಲ್ಲರೆ. ಅದು ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಗುಂಡು ಅನ್ನುವ ಹೆಸರು ನಿನಗೆ ಇಟ್ಟರು, ಮೈ ನನಗೆ ಬಂತು. ನೀನು ನೋಡಿದರೆ ಕಡ್ಡಿಯಾಗಿದ್ದೀಯ.

ತೂಗುವುದು ಹೇಗೆ ಅಂತ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಬಟ್ಟೆ ಗಂಟು ತೂಗುವ ನಮ್ಮ ಮಷೀನಿನ ಅಂಕಿ ಗಿರಾಕಿಗಳ ಕಡೆಗೆ ಮುಖ ಮಾಡಿದೆ. ಮೇಲೆ ನಿಂತವರಿಗೆ ಕಾಣುವುದಿಲ್ಲ. ಅಂಗಡಿ ಬಾಗಿಲು ತೆರೆಯುವ ಮುಂಚೆ ಚಪ್ಪಲಿ ಬಿಟ್ಟು, ಏಪ್ರನ್ ಬಿಚ್ಚಿ, ಜೇಬಿನ ಬೀಗದ ಕೈ ತೆಗೆದಿಟ್ಟು ನಾನು ಹತ್ತುತ್ತೇನೆ. ಇಸ್ತ್ರಿ ತಾತ ಆ ಕಡೆ ಹೋಗಿ ಕನ್ನಡಕ ಏರಿಸಿ ಓದುತ್ತಾರೆ. ಮೂವತ್ತು ವರ್ಷದಿಂದ ಗಂಟು ಓದಿದ ಬಾಯಿ, ಬೇರೆ ಥರ ಓದೋಕೆ ಬರಬೇಕಲ್ಲ! "ಎಂಬತ್ತನಾಲ್ಕು ಇನ್ನೂರು! ಬಣ್ಣ ಬಿಡೋ ಬಟ್ಟೆ ಏನಾದ್ರೂ ಇದೆಯಾ?" ಅಂತ ಕೂಗುತ್ತಿದ್ದರು. ಆಮೇಲೆ ಗಂಟಿಗೆ ಸಿಕ್ಕಿಸುವ ಗುಲಾಬಿ ಚೀಟಿಯ ಮೇಲೆ ತಾರೀಖು, ತೂಕ ಬರೆದು ನನ್ನ ಏಪ್ರನ್ನಿಗೆ ಪಿನ್ನು ಹಾಕುತ್ತಿದ್ದರು. ಮೊದಮೊದಲು ಇಬ್ಬರೂ ನಗುತ್ತಿದ್ದೆವು. ಈಗ ತಾತ ಕೂಗುವುದಿಲ್ಲ, ಬರೆದು ಕೈಗೆ ಕೊಟ್ಟು ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯ ಹತ್ತಿರ ಹೋಗಿ ಕೆಮ್ಮುತ್ತಾರೆ. ಏಳು ಚೀಟಿಯನ್ನೂ ಬಟ್ಟಲಲ್ಲಿ ಹಾಕಿಟ್ಟಿದ್ದೇನೆ. ಮೇಲಿಂದ ಕೆಳಗೆ ಒಂದೇ ಅಂಕಿ, ಒಂದೇ ಕೈಬರಹ, ತಾರೀಖು ಮಾತ್ರ ಬೇರೆ.

ಡಯಟ್ ಮೇಡಂ ಒಳ್ಳೆಯವರೇ, ಏನೂ ಅನ್ನುವ ಹಾಗಿಲ್ಲ. ತೂಕ ಇಳಿಸುವವರೆಲ್ಲರಿಗೂ ಹೀಗೊಂದು ಕಾಲ ಬರುತ್ತದಂತೆ, ಮೈ ಹಟ ಹಿಡಿದು ಕೂತುಬಿಡುತ್ತದಂತೆ. ಅಂಕಿ ನೋಡುತ್ತ ಕೂರಬೇಡಿ, ಸೊಂಟಕ್ಕೆ ಟೇಪು ಹಿಡಿಯಿರಿ, ಎಷ್ಟು ಮೆಟ್ಟಿಲು ಹತ್ತುತ್ತೀರಿ ನೋಡಿ, ರಾತ್ರಿ ನಿದ್ದೆ ಬರುತ್ತಾ ನೋಡಿ, ತಿಂದದ್ದೆಲ್ಲ ಬರೆದಿಡಿ ಅಂದರು. ಎಲ್ಲ ಮಾಡಿದೆ. ಒದ್ದೆ ಬುಟ್ಟಿ ಹೊತ್ತು ತಾರಸಿಗೆ ಹತ್ತುವಾಗ ಮೊದಲು ನಡುವಿನ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ, ಈಗ ಒಂದೇ ಸಲ ಹತ್ತುತ್ತೇನೆ. ಏಪ್ರನ್ನಿನ ದಾರ ಮೊದಲು ಬೆನ್ನ ಹಿಂದೆ ಹೆಣಗಾಡಿ ಒಂದು ಗಂಟು ಹಾಕುವಷ್ಟಿತ್ತು, ಈಗ ಮುಂದಕ್ಕೆ ತಂದು ಹೂವಿನ ಹಾಗೆ ಕಟ್ಟಬಹುದು. ತಾತನೂ ಅವರಿಗೆ ತಿಳಿದ ಮಟ್ಟಿಗೆ ಸಮಾಧಾನ ಹೇಳಿದರು: "ಒಗೆದ ಬೆಡ್‌ಶೀಟು ನೀರು ಹಿಡ್ಕೊಂಡಿದ್ರೆ ತೂಕ ಜಾಸ್ತೀನೇ ಇರುತ್ತಮ್ಮ, ಹಾಗಂತ ಕೊಳೆ ಹೋಗಿಲ್ಲ ಅಂತೀಯಾ?" ಮಾತು ಚೆನ್ನಾಗಿದೆ. ಆದರೆ ದೊಡ್ಡ ಡಾಕ್ಟರಿಗೆ ಏಪ್ರನ್ ದಾರ ತೋರಿಸಿದರೆ ತಾರೀಖು ಕೊಡುತ್ತಾರಾ? ನಿಜ ಹೇಳಲಾ, ಈಗ ನನಗೆ ಏನೂ ಅನ್ನಿಸುವುದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಒಸಡಿನ ಹಾಗಿದ್ದೇನೆ. ಬೆಳಿಗ್ಗೆ ಏಳುತ್ತೇನೆ, ನಡೆಯುತ್ತೇನೆ, ಬೇಯಿಸಿದ್ದು ತಿನ್ನುತ್ತೇನೆ, ಬರೆಯುತ್ತೇನೆ, ಹತ್ತುತ್ತೇನೆ, ಇಳಿಯುತ್ತೇನೆ. ಅತ್ತರಾದರೂ ಹಗುರಾಗುತ್ತೇನೋ ಅಂದುಕೊಂಡೆ, ಅದೂ ಬರಲಿಲ್ಲ. ಉತ್ಸಾಹ ಉಳಿಸಿಕೊಳ್ಳಿ ಅಂತ ಮೇಡಂ ಪ್ರತಿ ಸಲ ಹೇಳುತ್ತಾರೆ. ಎಲ್ಲಿಂದ ತರಲಿ, ಅದೇನು ಸೋಪಿನ ಪುಡಿಯಾ, ಮುಗಿದ ತಕ್ಷಣ ಇನ್ನೊಂದು ಪ್ಯಾಕೆಟ್ ಒಡೆಯೋಕೆ?

ಎರಡು ವಾರದ ಹಿಂದೆ ಮೇಡಂ ನನ್ನ ಪುಸ್ತಕ ನೋಡಿದರು. ಬೇಯಿಸಿದ ಕೋಸು, ಬೀನ್ಸ್, ಒಂದು ಮೊಟ್ಟೆ, ತರಕಾರಿ ಸೂಪು, ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಕನ್ನಡಕದ ಮೇಲಿಂದ ನೋಡಿ, "ಬರೀದೇ ಬಿಟ್ಟಿರೋದು ಏನಾದ್ರೂ ಇದೆಯಾ?" ಅಂದರು. ಮೆತ್ತಗೇ ಅಂದರು. ನಮ್ಮ ಲಾಂಡ್ರಿ ಯಜಮಾನಿ ಮೆತ್ತಗೂ ಅನ್ನಲಿಲ್ಲ, "ಕದ್ದು ಮುಚ್ಚಿ ಏನೋ ತಿಂತಿದ್ದೀಯ ಬಿಡು" ಅಂತ ನಾಲ್ಕು ಜನರ ಮುಂದೆ ಅಂದುಬಿಟ್ಟರು. ನಲವತ್ತೊಂದು ವರ್ಷದ ಹೆಂಗಸು ನಾನು, ಬಿಸ್ಕತ್ತು ಕದ್ದ ಮಗುವಿನ ಹಾಗೆ ನಿಂತಿದ್ದೆ. ಬೇರೆ ಸಮಯದಲ್ಲಾಗಿದ್ದರೆ ಯಜಮಾನಿಗೆ ಚೆನ್ನಾಗಿ ಕೊಡುತ್ತಿದ್ದೆ, ನಿನ್ನ ಅಕ್ಕನ ನಾಲಿಗೆ ನಿನಗೆ ಗೊತ್ತಲ್ಲ. ಸುಮ್ಮನೆ ಹೋಗಿ ಟವೆಲ್ ಮಡಚಿದೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳಿಂದ ನನ್ನ ಊಟದ ಡಬ್ಬಿ ಕಟ್ಟುತ್ತಿರುವುದು ಅಮ್ಮ. "ಬೆಳಿಗ್ಗೆ ನಿಂಗೆ ನಡೆಯೋದೇ ಆಗುತ್ತೆ, ಡಬ್ಬಿ ನಾನು ನೋಡ್ಕೋತೀನಿ ಬಿಡು" ಅಂದಿದ್ದಳು. ನನಗೂ ಸಂತೋಷವಾಗಿತ್ತು. ಹೋದ ಶುಕ್ರವಾರ ಡಬ್ಬಿ ಸುತ್ತಿದ ಬಿಳಿ ಬಟ್ಟೆ ಬಿಚ್ಚಿದರೆ ಮೂಲೆಯಲ್ಲಿ ಒಂದು ಕಲೆ. ಬೆಳಕಿಗೆ ಹಿಡಿದೆ. ಇಪ್ಪತ್ತು ವರ್ಷದಿಂದ ಕಲೆ ನೋಡಿ ಹೊಟ್ಟೆ ಹೊರೆಯುವವಳಿಗೆ ಅದು ಯಾವುದು ಅಂತ ಯಾರೂ ಹೇಳಿಕೊಡಬೇಕಿಲ್ಲ. ತರಕಾರಿ ನೀರಿನ ಕಲೆಗೆ ಸುತ್ತ ಕಂದು ಅಂಚು ಬರುತ್ತದೆ. ಇದಕ್ಕೆ ಅಂಚಿಲ್ಲ, ಬಟ್ಟೆಯ ಆಚೆ ಬೆರಳು ಕಾಣುತ್ತದೆ, ಮೂಸಿದರೆ ಹಾಲಿನ ವಾಸನೆ. ಬೆಣ್ಣೆ. ಎಣ್ಣೆ ಸೋಕದ ಡಬ್ಬಿಯ ಬಟ್ಟೆಗೆ ಬೆಣ್ಣೆ ಎಲ್ಲಿಂದ ಬಂತು? ಸೂಪನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಯಜಮಾನಿಯ ಫ್ರಿಜ್ಜಿನಲ್ಲಿಟ್ಟೆ. ಸಂಜೆ ತೆಗೆದರೆ ಮೇಲೆ ಹಳದಿ ಪದರ, ಉಗುರಿನಷ್ಟು ದಪ್ಪ. ಚಮಚದಲ್ಲಿ ಎತ್ತಿದರೆ ಬಿಲ್ಲೆಯ ಹಾಗೆ ಎದ್ದು ಬಂತು. ಕೋಸನ್ನು ಹಿಚುಕಿದರೆ ಅದರಲ್ಲೂ ಇತ್ತು.

ತಲೆಗೆ ಸಿಟ್ಟು ಏರಬೇಕಿತ್ತು, ಅಲ್ಲವೇನೋ? ನಿನ್ನ ಜೀವದ ಪ್ರಶ್ನೆ. ಹಡೆದ ತಾಯಿ ಹೀಗೆ ಮಾಡುತ್ತಾಳಾ ಅಂತ ಮನೆ ಹಾರಿ ಹೋಗುವ ಹಾಗೆ ಕಿರುಚಬೇಕಿತ್ತು. ನನಗೆ ನೆನಪಾದದ್ದು ಬೇರೆ. ಅವತ್ತು ನಿನ್ನನ್ನು ಆಸ್ಪತ್ರೆ ಪಕ್ಕದ ಆ ಕೋಣೆಯಲ್ಲಿ ಬಿಟ್ಟು ಅಮ್ಮನೂ ನಾನೂ ವಾಪಸ್ಸು ಬರುತ್ತಿದ್ದೆವು. ನಿನಗೊಂದು ಆಪರೇಷನ್ ಕೋಣೆ, ನನಗೊಂದು, ಕಾರಿಡಾರಿನ ಆ ತುದಿ ಈ ತುದಿ ಅಂತ ಡಾಕ್ಟರು ಹೇಳಿದ್ದರಲ್ಲ. ಅಮ್ಮ ಬಸ್ಸಿನಲ್ಲಿ, "ಇಬ್ಬರನ್ನೂ ಒಂದೇ ದಿನ ಒಳಗೆ ಕರ್ಕೊಂಡು ಹೋದ್ರೆ, ನಾನು ಹೊರಗೆ ಕೂತು ಯಾವ ಬಾಗಿಲು ನೋಡ್ಲಿ?" ಅಂದಳು. ನಾನು "ಸುಮ್ನಿರಮ್ಮ, ಏನೂ ಆಗಲ್ಲ" ಅಂದೆ. ಆಮೇಲೆ ಅವಳು ಒಂದು ಸಲವೂ ಆ ಮಾತು ಎತ್ತಲಿಲ್ಲ. ಎಲ್ಲರಿಗೂ "ಮಗಳು ಕೊಡ್ತಾಳೆ, ಮಗ ಉಳೀತಾನೆ" ಅಂತ ಹೇಳಿಕೊಂಡು ತಿರುಗುತ್ತಿದ್ದಾಳೆ. ಬಾಯಲ್ಲಿ ಅದು, ಕೈಯಲ್ಲಿ ಬೆಣ್ಣೆ. ನಿನ್ನ ಮೇಲೆ ಪ್ರೀತಿ ಕಮ್ಮಿ ಅಂತ ತಿಳಿಯಬೇಡ ಮಾರಾಯ. ರಾತ್ರಿ ನಿನ್ನ ಹಳೇ ಸ್ವೆಟರ್ ಹೊದ್ದುಕೊಂಡೇ ಮಲಗುವುದು. ಅವಳಿಗೆ ಒಬ್ಬರನ್ನು ಇಟ್ಟು ಇನ್ನೊಬ್ಬರನ್ನು ತೂಗೋಕೆ ಬರಲ್ಲ, ಅಷ್ಟೇ.

ನಾನು ಏನೂ ಕೇಳಿಲ್ಲ ಅವಳನ್ನು. ನೀನೂ ಫೋನಿನಲ್ಲಿ ಬಾಯಿ ಬಿಡಬೇಡ, ನನ್ನಾಣೆ. ಅಲ್ಲೆಲ್ಲೋ ಕೂತು ಕೊರಗಲೂ ಬೇಡ. ಎಲ್ಲ ತಪ್ಪೂ ಬೆಣ್ಣೆಯದೇ ಅಂತಲೂ ಅಲ್ಲವಂತೆ, ಮೈ ತಾನಾಗಿಯೂ ಕೆಲವು ವಾರ ಹೀಗೆ ನಿಂತುಬಿಡುತ್ತದೆ ಅಂತ ಮೇಡಂ ಮತ್ತೆ ಮತ್ತೆ ಹೇಳಿದ್ದಾರೆ. ಎರಡನೇ ಮಷೀನು ಕುಂಯ್ ಅನ್ನುತ್ತಿದೆ, ಹೋಟೆಲಿನ ಪರದೆಗಳು, ತಕ್ಷಣ ತೆಗೆಯದಿದ್ದರೆ ಸುಕ್ಕು ಹಿಡಿದು ತಾತನ ಜೀವ ತೆಗೆಯುತ್ತವೆ. ಹೊತ್ತುಹೊತ್ತಿಗೆ ಮಾತ್ರೆ ನುಂಗು. ತಲೆಸುತ್ತಿನ ವಿಷಯ ನರ್ಸಮ್ಮನಿಗೆ ಹೇಳು. ತಾತ ನಿನ್ನನ್ನು ಕೇಳಿದರು ಅಂತ ಬರೆಯಲು ಹೇಳಿದ್ದಾರೆ. ನೂರು ಕಾಲ ಬಾಳು ಗುಂಡೂ, ನನ್ನ ತಲೆ ತಿನ್ನುತ್ತಲೇ ಬಾಳು.

ಇಂತಿ ನಿನ್ನ,
ಡುಮ್ಮಿ ಅಕ್ಕ

ಮತ್ತೆ ಬರೆದದ್ದು: ಪರದೆ ತೆಗೆದು ಹರವಿ ಬಂದೆ. ಅಂಚೆ ಡಬ್ಬಿ ಖಾಲಿ ಮಾಡುವವನು ಮೂರು ಗಂಟೆಗೆ ಬರುತ್ತಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಹೇಳಿದ್ದೇನೆ. ಕಲೆ ಕಂಡದ್ದು ಹೋದ ಶುಕ್ರವಾರ ಅಲ್ಲ, ಐದು ವಾರದ ಹಿಂದಿನ ಶುಕ್ರವಾರ. ಆವತ್ತಿನಿಂದ ಗೊತ್ತಿದ್ದೂ ತಿಂದೆ ಕಣೋ. ಡಬ್ಬಿ ತೆರೆದು, ಕಲೆ ನೋಡಿ, ಬಟ್ಟೆ ಸೋಪಿನಲ್ಲಿ ಅದ್ದಿ, ಪೂರ್ತಿ ತಿಂದೆ. ಪುಸ್ತಕದಲ್ಲಿ ಎಣ್ಣೆ ಇಲ್ಲ ಅಂತಲೇ ಬರೆದೆ. ಮೇಡಂ ಕೇಳಿದ್ದು, ಯಜಮಾನಿ ಅಂದಿದ್ದು ಎರಡೂ ಸರಿಯೇ. ಹೊಟ್ಟೆ ಕೊಯ್ಯುತ್ತಾರೆ ಅಂದರೆ ನನಗೂ ಭಯ. ಆಗಲ್ಲ ಅಂತ ನಿನ್ನ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ, ಅಮ್ಮನ ಚಮಚ ನನ್ನ ಬದಲು ಹೇಳುತ್ತಿತ್ತು, ನಾನು ಸುಮ್ಮನೆ ನುಂಗುತ್ತಿದ್ದೆ. ಏನೂ ಅನ್ನಿಸುವುದಿಲ್ಲ ಅಂದೆನಲ್ಲ, ಅದರ ಕೆಳಗೆ ಇದ್ದದ್ದು ಇದು. ಬೈಯಬೇಕೆಂದರೆ ನನ್ನನ್ನು ಬೈ, ಅಮ್ಮನನ್ನಲ್ಲ. ಇವತ್ತು ಬೆಳಿಗ್ಗೆ ಡಬ್ಬಿ ನಾನೇ ಕಟ್ಟಿಕೊಂಡೆ. ಅಮ್ಮ ಚಮಚ ಹಿಡಿದುಕೊಂಡು ಒಲೆಯ ಹತ್ತಿರ ನಿಂತೇ ಇದ್ದಳು. ಭಯ ಹೋಗಿಲ್ಲ. ಆದರೂ ಬರುತ್ತೇನೆ, ಎಂಬತ್ತಕ್ಕೆ ಇಳಿದೇ ಬರುತ್ತೇನೆ. ನೀನು ಒಂದು ಕೆಲಸ ಮಾಡು. ಈ ಕಾಗದ ಕೈಸೇರಿದ ಮೇಲೆ ಡಯಾಲಿಸಿಸ್‌ಗೆ ಹೋದಾಗ ಆ ಕಾರಿಡಾರಿನಲ್ಲಿ ಒಂದು ಸಲ ನಡೆದು ನೋಡು. ಎರಡೂ ಬಾಗಿಲು ಕಾಣುವಂಥ ಜಾಗ ಎಲ್ಲಾದರೂ ಇದೆಯಾ, ಅಲ್ಲೊಂದು ಕುರ್ಚಿ ಹಾಕಿಕೊಡುತ್ತಾರಾ ಅಂತ ಕೇಳು. ಕೇಳಿ, ಅಮ್ಮನಿಗೆ ಫೋನು ಮಾಡಿ ನೀನೇ ಹೇಳು. ಸ್ಪೀಕರ್ ಹಾಕಿಯೇ ಇರುತ್ತೇವೆ.