ಮಾವನ ಮಂಚದ ಎದೆಬಡಿತ

ಮನೆ, ಹೊಲಿಗೆ ಮಿಷನ್ನಿನ ಪಕ್ಕ
ಜೂನ್ ೧೨, ಬುಧವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಸೇತುವೆ ಕೆಲಸದ ಧೂಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಫೋನಿನಲ್ಲಿ ನನ್ನ ಮಾತು ಮುಗಿಸಲು ನೀವು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ನಿಮ್ಮ ಸೈಟಿಗೆ ಹೊರಟಿರುವ ಲಾರಿ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೋಗುವ ಮುಂಚೆ ಮಾವನ ಕೋಣೆಯ ಗೋಡೆಗೆ ಒಂದು ಪೆಟ್ಟಿಗೆ ಜಡಿದು ಹೋದಿರಲ್ಲ, ಅದರಿಂದ ನನಗೆ ತಲೆ ಚಿಟ್ಟು ಹಿಡಿದಿದೆ. ಮೈ ಮುಟ್ಟುವುದಿಲ್ಲ, ವೈರೂ ಇಲ್ಲ. ರೇಡಿಯೋ ಅಲೆ ಬಿಟ್ಟು ಮಂಚದಲ್ಲಿ ಮಲಗಿದವರ ಉಸಿರು, ಎದೆಬಡಿತ ಎಣಿಸಿ ನಿಮ್ಮ ಫೋನಿಗೆ ಕಳಿಸುತ್ತದೆ, ಸರಿ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮಾವ ಅವತ್ತೇ, "ಮುಚ್ಚಳ ತೆಗೀದೆ ಒಳಗಿಂದು ಗೊತ್ತಾಗುತ್ತಾ?" ಎಂದಿದ್ದರು. ಆಮೇಲೆ ಮುನಿಸಿಕೊಂಡು ಮಧ್ಯಾಹ್ನದ ನಿದ್ದೆಯನ್ನು ನಡುಮನೆಯ ಆರಾಮ ಕುರ್ಚಿಗೆ ಸಾಗಿಸಿದರು. ನಿಮಗೆ ಹೇಳಬೇಡ ಎಂದು ನನ್ನಿಂದ ಆಣೆ ಬೇರೆ ಹಾಕಿಸಿಕೊಂಡರು.

ಹತ್ತು ದಿನದಿಂದ ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ನಿಮ್ಮ ಫೋನು. "ಅಪ್ಪನ ಎದೆಬಡಿತ ತಪ್ಪಿ ತಪ್ಪಿ ಓಡ್ತಿದೆ, ಡಾಕ್ಟ್ರ ಹತ್ರ ಕರ್ಕೊಂಡು ಹೋಗು." ಮಾವ ಚೆನ್ನಾಗಿ ಉಣ್ಣುತ್ತಿದ್ದಾರೆ, ತಿರುಗಾಡುತ್ತಿದ್ದಾರೆ ಎಂದರೆ, "ಅಂಕಿ ಹಾಗೆ ಹೇಳ್ತಿಲ್ಲ" ಎನ್ನುತ್ತೀರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಗಿರಾಕಿಯ ಕೋಟು ಅರ್ಧಕ್ಕೇ ಬಿಟ್ಟು ಎರಡು ಸಲ ಕರೆದುಕೊಂಡು ಹೋದೆ. "ನಿಮ್ಮ ಮಾವನ ಎದೆ ಗಟ್ಟಿಮುಟ್ಟಾಗಿದೆ. ಮೆಟ್ಟಿಲು ಹತ್ತಿ ಏದುಸಿರು ಬಿಡ್ತಿರೋದು ನೀವು" ಎಂದು ಡಾಕ್ಟರು ನಕ್ಕರು. ನಗಲು ನನಗೆ ಉಸಿರೇ ಇರಲಿಲ್ಲ. ಇಷ್ಟರಲ್ಲಿ ಒಂದೇ ಒಂದು ದಿನ ನೀನು ಹೇಗಿದ್ದೀಯೆಂದು ಕೇಳಿದ್ದೀರಾ? ಅಪ್ಪ ಉಂಡ್ರಾ, ಅಪ್ಪ ಮಲಗಿದ್ರಾ, ಅಷ್ಟೇ. ಕೋಪ ಬಂದಿದೆ, ಬರೆದುಬಿಟ್ಟೆ.

ಮಾವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಪೆಟ್ಟಿಗೆಗೆ ಮಾತ್ರ ಇಲ್ಲವಂತೆ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಲಕೋಟೆ ಅಂಟಿಸುವಾಗ ಹೊಳೆಯಿತು. ಮಾವ ಕುರ್ಚಿಗೆ ಹೋದಮೇಲೆ, ಹೊಲಿದು ಸೊಂಟ ಹಿಡಿದಾಗ ಆ ಮಂಚದಲ್ಲಿ ದಿನಾ ಮಧ್ಯಾಹ್ನ ಕಾಲು ಚಾಚುತ್ತಿದ್ದವಳು ನಾನು. ಪೆಟ್ಟಿಗೆ ಎಣಿಸಿದ್ದು ನನ್ನ ಎದೆಯನ್ನು. ಈಗ ಮಾವ ಕೈಗಡಿಯಾರ ಹಿಡಿದು ನನ್ನ ನಾಡಿ ನೋಡಿದರು. ಎಣಿಸಿದರು, ಮತ್ತೆ ಎಣಿಸಿದರು. ಅಂಗಿ ಹಾಕಿಕೊಳ್ಳಲು ಹೋಗಿದ್ದಾರೆ, ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು. ನಿಮಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇದೇ ಲಾರಿ ನಾಳೆ ವಾಪಸ್ಸು ಬರುತ್ತದಂತೆ. ನಿಮ್ಮ ಅಪ್ಪನಿಗೆಂದು ಇಷ್ಟು ದಿನ ಪಟ್ಟ ಭಯವನ್ನು ನನಗಾಗಿಯೂ ಸ್ವಲ್ಪ ಪಟ್ಟು, ಅದನ್ನೇ ಹತ್ತಿ ಬನ್ನಿ.